ಮರ ಕಡಿದರೂ ಗುಣಿ ಉಳಿದಿದೆ: ಪುರಾತತ್ವ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಆಯುಕ್ತರು,
ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ,
ಮೈಸೂರು

ವಿಷಯ: ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ ಗ್ರಾಮವಾರು ಸಮೀಕ್ಷೆಯಲ್ಲಿ ಅಳಿದ ಹಣ್ಣಿನ ತೋಪುಗಳ ಕುರುಹನ್ನು ದಾಖಲಿಸುವ ಬಗ್ಗೆ.

ಮಾನ್ಯರೇ,

ಹಳ್ಳಿಹಳ್ಳಿಗೆ ಹೋಗಿ ಗುಡಿ, ಶಾಸನ, ವೀರಗಲ್ಲು, ಮಾಸ್ತಿಕಲ್ಲು, ಕೋಟೆ, ಕಲ್ಯಾಣಿಗಳನ್ನು ಪಟ್ಟಿ ಮಾಡುವ ಗ್ರಾಮವಾರು ಸಮೀಕ್ಷೆಯನ್ನು ತಮ್ಮ ಇಲಾಖೆ ನಡೆಸುತ್ತ ಬಂದಿದೆ. ಬೆಂಗಳೂರಿನ ಸುತ್ತಲಿನ ತಾಲ್ಲೂಕುಗಳ ಮಟ್ಟಿಗಾದರೂ ಆ ನಮೂನೆಯಲ್ಲಿ ಇನ್ನೊಂದು ಕಲಂ ಸೇರಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಆ ಕಲಮಿನ ಹೆಸರು ‘ಅಳಿದ ತೋಪುಗಳ ಕುರುಹು’. ಮಾವು, ಹಲಸು, ಹುಣಸೆ, ನೇರಳೆಯ ತೋಪುಗಳು ಈ ಸೀಮೆಯ ಬಹುಪಾಲು ಊರುಗಳಲ್ಲಿ ಇದ್ದವು. ಕಡಿದರು, ಮುಗಿಯಿತು ಎಂದು ನಾವೆಲ್ಲ ಕೈತೊಳೆದುಕೊಂಡಿದ್ದೇವೆ. ಮರ ಹೋಗಿರುವುದು ನಿಜ. ಆದರೆ ತೋಪು ಪೂರ್ತಿ ಹೋಗಿಲ್ಲ. ನೆಲದಲ್ಲಿ ಸಸಿ ನೆಡಲು ತೋಡಿದ ಗುಣಿಗಳಿವೆ, ಬಾವಿಯಿದೆ, ಬೇಲಿಯ ದಿಣ್ಣೆಯಿದೆ; ಕಂದಾಯದ ಕಡತದಲ್ಲಿ ಅದರ ಅಳತೆಯಿದೆ. ಈಗ ಅಳಿಯುವ ಸರದಿ ಇವುಗಳದ್ದು.

ನಾನು ಪುರಾತತ್ವ ಓದಿದವನಲ್ಲ. ಭೂಮಾಪಕನಾಗಿ ಸರಪಳಿ ಎಳೆದು, ಬಾಂದು ಕಲ್ಲು ಹುಡುಕಿ ನಿವೃತ್ತನಾದವನು. ನೆಲದಲ್ಲಿ ಸಾಲು ಹುಡುಕುವುದು ಆ ವೃತ್ತಿ ಅಂಟಿಸುವ ಚಟ. ಹಳೆಯ ಅಳತೆಯ ಸರಪಳಿ 33 ಅಡಿಯದು. ಉದ್ದಕ್ಕೊಂದು ಸರಪಳಿ, ಅಗಲಕ್ಕೊಂದು ಸರಪಳಿ ಹಿಡಿದರೆ 1089 ಚದರಡಿ, ಅಂದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ತೋಟಗಾರಿಕೆಯವರು ಮಾವಿಗೆ ಇಂದಿಗೂ ಶಿಫಾರಸು ಮಾಡುವ ಅಂತರ ಹತ್ತು ಮೀಟರು, ಹೆಚ್ಚುಕಡಿಮೆ ಅದೇ 33 ಅಡಿ. ಗುಂಟೆಗೊಂದು ಮರ, ಎಕರೆಗೆ ನಲವತ್ತು. ಹೀಗಾಗಿ ಬಯಲಿನಲ್ಲಿ ಸರಪಳಿಯಷ್ಟು ದೂರಕ್ಕೊಂದು ತಗ್ಗು ಕಂಡರೆ, ಅದರಾಚೆ ಅಷ್ಟೇ ದೂರದಲ್ಲಿ ಇನ್ನೊಂದು, ಅಡ್ಡಕ್ಕೂ ಹಾಗೆಯೇ ಕಂಡರೆ, ಅದು ಮಳೆ ನೀರು ಕೊರೆದ ಹಳ್ಳವಾಗಿರುವುದಿಲ್ಲ. ಯಾರೋ ಅಳೆದು, ಗುಣಿ ತೋಡಿ, ಕೆಮ್ಮಣ್ಣು ಗೊಬ್ಬರ ತುಂಬಿ ಸಸಿ ನೆಟ್ಟಿದ್ದಾರೆ.

ಈ ಗುಣಿಗಳೇ ಮುಖ್ಯ ಸಾಕ್ಷಿ. ಬೆಂಗಳೂರಿನ ನೆಲ ಕೆಂಪು. ಮೂರಡಿ ಆಳದ ಗುಣಿಯಲ್ಲಿ ತುಂಬಿದ ಗೊಬ್ಬರ ಮಣ್ಣು, ಮೇಲೆ ದಶಕಗಟ್ಟಲೆ ಉದುರಿ ಕೊಳೆತ ಎಲೆ, ಆಮೇಲೆ ಬೊಡ್ಡೆ ಕಿತ್ತ ಜಾಗದಲ್ಲಿ ಸೇರಿದ ಸಡಿಲ ಮಣ್ಣು, ಎಲ್ಲ ಬೆರೆತು ಅದರ ಬಣ್ಣ ಕಪ್ಪಾಗಿರುತ್ತದೆ. ಮರ ಕಡಿದು ಹೊಲ ಮಾಡಿ ತಲೆಮಾರು ಕಳೆದರೂ ಈ ಕಪ್ಪು ಮಾಸುವುದಿಲ್ಲ. ನೋಡುವುದಕ್ಕೆ ಎರಡು ಕಾಲ ಒಳ್ಳೆಯದು. ಭರಣಿ ಮಳೆಗೆ ಮೊದಲ ಉಳುಮೆಯಾಗಿ ಬಿಸಿಲು ಬಿದ್ದ ಮಾರನೆಯ ಬೆಳಗ್ಗೆ ಸುತ್ತಲಿನ ಕೆಂಪು ಮಣ್ಣು ಒಣಗಿರುತ್ತದೆ, ಗುಣಿಯ ಮಣ್ಣು ಇನ್ನೂ ತೇವ ಹಿಡಿದಿರುತ್ತದೆ. ಆಗ ಹೊಲದಲ್ಲಿ ದುಂಡನೆಯ ಕಪ್ಪು ಮಚ್ಚೆಗಳು ಸಾಲಾಗಿ ಏಳುತ್ತವೆ. ಇನ್ನೊಂದು ಕಾಲ ರಾಗಿ ಪೈರಿನದು. ಮಳೆ ಕೈಕೊಟ್ಟು ಪೈರು ಬಾಡತೊಡಗಿದಾಗ ಗುಣಿಯ ಮೇಲಿನ ಪೈರು ಮಾತ್ರ ಹಸಿರಾಗಿ, ಗೇಣುದ್ದ ಎತ್ತರ ನಿಂತಿರುತ್ತದೆ. ಬದುವಿನ ಮೇಲೆ ನಿಂತವನಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಡ್ರೋನ್ ಹಾರಿಸಿದರೆ ಸಾಲಿಗೆ ಸಾಲೇ ಕಾಣುತ್ತದೆ. ಕಂದಾಯ ಇಲಾಖೆಯ ಮರುಭೂಮಾಪನಕ್ಕೆ ಡ್ರೋನ್‌ಗಳು ಹೇಗೂ ಹಳ್ಳಿಗಳ ಮೇಲೆ ಹಾರುತ್ತಿವೆ. ಎರಡು ಇಲಾಖೆಗಳು ಚಿತ್ರ ಹಂಚಿಕೊಂಡರೆ ಹೊಸ ಖರ್ಚೂ ಬೇಕಾಗುವುದಿಲ್ಲ. ಎರಡು ಇಲಾಖೆಗಳು ಹಂಚಿಕೊಳ್ಳುವುದು ಎಷ್ಟು ಕಷ್ಟದ ಕೆಲಸವೆಂದು ಸರ್ಕಾರಿ ನೌಕರಿ ಮಾಡಿದ ನನಗೆ ಯಾರೂ ಹೇಳಿಕೊಡಬೇಕಿಲ್ಲ, ಆದರೂ ಕೇಳುತ್ತೇನೆ.

ಆನೇಕಲ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬಡಾವಣೆಗೆ ಚರಂಡಿ ತೋಡಿದ್ದ ಕಡೆ ನಿಂತು ನೋಡಿದ್ದೇನೆ. ಜೆಸಿಬಿ ನೆಟ್ಟಗೆ ಸೀಳಿದ ಮಣ್ಣಿನ ಗೋಡೆಯ ಕೆಂಪಿನ ನಡುವೆ ಬಟ್ಟಲಿನ ಆಕಾರದ ಕಪ್ಪು ಮಣ್ಣು, ಮತ್ತೆ ಕೆಂಪು, ಮತ್ತೆ ಬಟ್ಟಲು. ಒಂದರ ತಳದಲ್ಲಿ ಇದ್ದಿಲಿನ ಚೂರುಗಳಿದ್ದವು. ಬೊಡ್ಡೆಗೆ ಬೆಂಕಿಯಿಟ್ಟು ತೆಗೆದಿರಬೇಕು. ಪುರಾತತ್ವದವರೊಬ್ಬರು ಅಲ್ಲಿದ್ದಿದ್ದರೆ ಆ ಇದ್ದಿಲಿನಿಂದ ಮರದ ಜಾತಿ ಗುರುತಿಸಬಹುದಿತ್ತು, ಇಂಗಾಲದ ಪರೀಕ್ಷೆಗೂ ಕಳಿಸಬಹುದಿತ್ತು. ಸಂಜೆಯೊಳಗೆ ಸಿಮೆಂಟಿನ ಕೊಳವೆ ಇಳಿಸಿ ಮುಚ್ಚಿದರು. ಅವರದ್ದೇನೂ ತಪ್ಪಿಲ್ಲ. ಅದೊಂದು ನೋಡತಕ್ಕ ವಸ್ತು ಎಂದು ಯಾವ ಕಾಗದದಲ್ಲೂ ಬರೆದಿಲ್ಲವಲ್ಲ.

ಗುಣಿ ಬಿಟ್ಟರೆ ಬಾವಿ. ಇಂದು ಮಳೆಯನ್ನೇ ನಂಬಿ ರಾಗಿ, ಹುರುಳಿ ಬಿತ್ತುವ ಹೊಲದ ನಡುವೆ ಕಲ್ಲು ಕಟ್ಟಡದ ದೊಡ್ಡ ಬಾವಿಯೊಂದು ಹಾಳು ಬಿದ್ದಿದ್ದರೆ ಒಂದು ಕ್ಷಣ ನಿಲ್ಲಬೇಕು. ಅಷ್ಟು ಕಲ್ಲು, ಅಷ್ಟು ಕೂಲಿ ಸುರಿದು ಹುರುಳಿಗೆ ಯಾರೂ ಬಾವಿ ತೋಡಿಸುವುದಿಲ್ಲ. ಅದು ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯಾಗಿದ್ದರೆ ಒಂದು ಬದಿಯಲ್ಲಿ ಗಾಲಿ ಕೂರಿಸಲು ಒಳಕ್ಕೆ ಚಾಚಿದ ಕಲ್ಲು ಚಪ್ಪಡಿಗಳು ಇರುತ್ತವೆ, ಅವುಗಳ ಅಂಚಿನಲ್ಲಿ ಹಗ್ಗ ಉಜ್ಜಿದ ಗೀರುಗಳಿರುತ್ತವೆ. ಅಲ್ಲಿಂದ ಎತ್ತುಗಳು ಇಳಿದು ಹೋಗುವ ಇಳಿಜಾರು ಶುರುವಾಗುತ್ತದೆ. ಚರ್ಮದ ಚೀಲ ನೀರಿನಿಂದ ಮೇಲಕ್ಕೆ ಬರಬೇಕಾದರೆ ಎತ್ತುಗಳು ಹಗ್ಗದಷ್ಟೇ ದೂರ ನಡೆಯಬೇಕು. ಆದ್ದರಿಂದ ಇಳಿಜಾರಿನ ಉದ್ದ ಅಳೆದರೆ ಬಾವಿ ತೋಡಿದ ಕಾಲದಲ್ಲಿ ನೀರು ಎಷ್ಟು ಆಳದಲ್ಲಿತ್ತೆಂಬ ಅಂದಾಜು ಸಿಗುತ್ತದೆ. ಕೊಳವೆಬಾವಿಗಳು ಸಾವಿರ ಅಡಿ ದಾಟಿರುವ ತಾಲ್ಲೂಕುಗಳಲ್ಲಿ ಆ ಇಳಿಜಾರುಗಳನ್ನು ಅಳೆದಿಟ್ಟರೆ ಅಂತರ್ಜಲದವರಿಗೂ ಉಪಯೋಗವಾಗುತ್ತದೆ. ಬಾವಿಯಿಂದ ಹೊರಟ ಕಾಲುವೆಯ ಜಾಡು ಎಲ್ಲಿ ಕವಲೊಡೆಯಿತೋ ಅಲ್ಲಿ ತೋಟದ ಪಾತಿಗಳು ಇದ್ದವು. ಇಂಥ ಬಾವಿಗಳೇ ಈಗ ಕಟ್ಟಡದ ಕಸ ತುಂಬಲು ಸಿಗುತ್ತಿರುವ ಪುಕ್ಕಟೆ ಗುಂಡಿಗಳು.

ಬೇಲಿಯ ಕುರುಹೂ ಇದೆ. ತೋಪಿನ ಸುತ್ತ ಕಂದಕ ತೋಡಿ, ಆ ಮಣ್ಣನ್ನೇ ದಿಣ್ಣೆ ಮಾಡಿ, ಮೇಲೆ ಕಳ್ಳಿ, ಕತ್ತಾಳೆ ನೆಡುತ್ತಿದ್ದರು. ದನ ನುಗ್ಗದಿರಲಿ ಎಂದು. ಈಗಿನ ಯಾವ ಹಿಡುವಳಿಯ ಗಡಿಗೂ ಹೊಂದದೆ, ಹೊಲಗಳ ನಡುವೆ ಸುಮ್ಮನೆ ನೆಟ್ಟಗೆ ಸಾಗಿ ಒಂದು ಮೂಲೆಯಲ್ಲಿ ತಿರುಗುವ ಕತ್ತಾಳೆ ಸಾಲು ಕಂಡರೆ ಅದು ಹಳೆಯ ಗಡಿ. ಕತ್ತಾಳೆ ಅಮೆರಿಕ ಮೂಲದ ಗಿಡವಾದ್ದರಿಂದ ಆ ಬೇಲಿ ಪೋರ್ಚುಗೀಸರು ಬಂದ ಮೇಲಿನದು ಎಂಬಷ್ಟು ಕಾಲನಿರ್ಣಯವೂ ಆಯಿತು. ಕೊಳೆತ ಬೊಡ್ಡೆಗಳ ಮೇಲೆ ಗೆದ್ದಲು ಹುತ್ತ ಕಟ್ಟುತ್ತದೆ. ಹುತ್ತಕ್ಕೆ ನಮ್ಮವರು ಹಾಲೆರೆಯುವುದರಿಂದ ನೇಗಿಲು ಅದನ್ನು ಸುತ್ತಿ ಹೋಗುತ್ತದೆ. ಒಂದು ಮರವೂ ಇಲ್ಲದ ಬಯಲಿನಲ್ಲಿ ಮುನೇಶ್ವರನ ಗುಡಿಯಿದ್ದು, ‘ತೋಪಿನ ಮುನೇಶ್ವರ’ ಎಂದು ಊರವರು ಕರೆಯುತ್ತಿದ್ದರೆ ಅದಕ್ಕೂ ವಿವರಣೆ ಬೇಕಿಲ್ಲ. ಹುಳಿಮಾವು, ಹಲಸೂರು ಮುಂತಾದ ಊರ ಹೆಸರುಗಳನ್ನು ಹಿಡಿದು ಹೊರಡುವವರೂ ಇದ್ದಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಹೆಸರು ದಾರಿ ತೋರಿಸಬಹುದು, ಅಳತೆಗೆ ಸಿಗುವುದಿಲ್ಲ.

ಕಾಗದದ ಸಾಕ್ಷಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಇದು ನನ್ನ ಕಸುಬು. ಮೈಸೂರು ಸೀಮೆಯಲ್ಲಿ ಕಂದಾಯ ಭೂಮಾಪನ 1860ರ ದಶಕದಲ್ಲಿ ಶುರುವಾಯಿತು. ಜಮೀನನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿ ಆಕಾರ, ಅಂದರೆ ಕಂದಾಯ, ಗೊತ್ತು ಮಾಡಿದರು. ಖುಷ್ಕಿ ಎಂದರೆ ಮಳೆಯಾಶ್ರಿತ ಹೊಲ, ತರಿ ಎಂದರೆ ನೀರು ಹಾಯುವ ಗದ್ದೆ, ಬಾಗಾಯ್ತು ಎಂದರೆ ತೋಟ. ಅದಕ್ಕೆ ಕಂದಾಯ ಖುಷ್ಕಿಗಿಂತ ಹೆಚ್ಚು. ಹೆಚ್ಚು ಕಂದಾಯ ಬೀಳುವ ವರ್ಗವನ್ನು ಯಾವ ರೈತನೂ ಸುಮ್ಮನೆ ಬರೆಸಿಕೊಳ್ಳುವುದಿಲ್ಲವಾದ್ದರಿಂದ ಕಂದಾಯದ ಪಟ್ಟಿಯಾದ ಆಕಾರಬಂದ್‌ನಲ್ಲಿ ಬಾಗಾಯ್ತು ಎಂದಿದ್ದರೆ ಅಲ್ಲಿ ತೋಟ ಇತ್ತೆಂದೇ ಲೆಕ್ಕ. ಹಳೆಯ ಆಕಾರಬಂದ್‌ನಲ್ಲಿ ಬಾಗಾಯ್ತು, ಇಂದಿನ ಪಹಣಿಯಲ್ಲಿ ರಾಗಿ ಅಥವಾ ಖಾಲಿ. ಈ ಎರಡನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತರೆ ಒಂದು ಹೋಬಳಿಯ ಅಳಿದ ತೋಟಗಳ ಪಟ್ಟಿ ಕಚೇರಿ ಬಿಟ್ಟು ಏಳದೆಯೇ ಸಿದ್ಧವಾಗುತ್ತದೆ. ಗ್ರಾಮ ನಕ್ಷೆಯಲ್ಲಿ ಊರಿಗೆಲ್ಲ ಸೇರಿದ ಗುಂಡುತೋಪಿಗೆ ತನ್ನದೇ ಸರ್ವೆ ನಂಬರಿದೆ. ಪಹಣಿಯಲ್ಲಿ ಮರಗಳ ಹೆಸರು, ಸಂಖ್ಯೆ ಬರೆಯಲೆಂದೇ ಒಂದು ಕಲಂ ಇದೆ. ಕೈಬರಹದ ಹಳೆಯ ಪಹಣಿಗಳಲ್ಲಿ ಅದು ತುಂಬಿದ್ದನ್ನು ನೋಡಿದ್ದೇನೆ, ಗಣಕೀಕೃತ ಪಹಣಿಗಳಲ್ಲಿ ನೋಡಿದ್ದು ಅಪರೂಪ. ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ‘ಭೂ ಸುರಕ್ಷಾ’ ಯೋಜನೆಯಡಿ ಸ್ಕ್ಯಾನ್ ಮಾಡಲಾಗುತ್ತಿದೆ. ಮುಟ್ಟಿದರೆ ಪುಡಿಯಾಗುವ ಹಾಳೆಗಳನ್ನು ತಡಕಾಡುವ ಪಾಡೂ ಇನ್ನು ತಪ್ಪಿತು.

ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳಲ್ಲಿ ತೋಪುಗಳಿಗೆ ಪ್ರತ್ಯೇಕ ಗುರುತುಂಟು. ಇನ್ನೊಂದು ಮೂಲ ಬಹಳ ಜನಕ್ಕೆ ತಿಳಿದಿಲ್ಲ. 1960ರಿಂದ 1972ರವರೆಗೆ ಅಮೆರಿಕದ ಕೊರೋನಾ ಎಂಬ ಬೇಹುಗಾರಿಕೆ ಉಪಗ್ರಹಗಳು ತೆಗೆದ ಲಕ್ಷಾಂತರ ಚಿತ್ರಗಳನ್ನು 1995ರಲ್ಲಿ ಬಹಿರಂಗಪಡಿಸಲಾಯಿತು. ಭಾರತದ ನೆಲವೂ ಅವುಗಳಲ್ಲಿದೆ. ಕೊನೆಯ ವರ್ಷಗಳ ಚಿತ್ರಗಳಲ್ಲಿ ಸುಮಾರು ಎರಡು ಮೀಟರಿನ ವಸ್ತುವನ್ನೂ ಗುರುತಿಸಬಹುದು. ಬಲಿತ ಮಾವಿನ ಮರದ ಹರವು ಅದರ ನಾಲ್ಕೈದು ಪಟ್ಟು. ಪಶ್ಚಿಮ ಏಷ್ಯಾದ ಪ್ರಾಚೀನ ದಾರಿ, ದಿಬ್ಬಗಳನ್ನು ಈ ಚಿತ್ರಗಳಿಂದ ವಿದ್ವಾಂಸರು ಹುಡುಕಿ ತೆಗೆದಿದ್ದಾರೆ. ಹೊಸಕೋಟೆ, ದೇವನಹಳ್ಳಿ, ನೆಲಮಂಗಲದ ತೋಪುಗಳನ್ನು ಹುಡುಕಲು ಅವು ಸಾಲದೇ ಹೋಗುತ್ತವೆಯೇ?

ಹಣ್ಣಿನ ತೋಟವನ್ನು ಅಗೆದು ಓದುವುದು ನಾನು ಹೊಸೆದ ಕಲ್ಪನೆಯಲ್ಲ. ಇಟಲಿಯ ಪಾಂಪೆಯಲ್ಲಿ ವಿಲ್ಹೆಲ್ಮಿನಾ ಜಶೆಮ್ಸ್ಕಿ ಎಂಬ ಅಮೆರಿಕದ ವಿದುಷಿ 1960ರ ದಶಕದಿಂದ ಇದನ್ನೇ ಮಾಡಿದರು. ಕ್ರಿ.ಶ. 79ರ ಜ್ವಾಲಾಮುಖಿಯ ಬೂದಿಯಡಿ ಸತ್ತ ಮರಗಳ ಬೇರುಗಳು ಕೊಳೆತು ಪೊಳ್ಳುಗಳಾಗಿದ್ದವು. ಅವುಗಳನ್ನು ಶುಚಿಮಾಡಿ ಸಿಮೆಂಟು ಹೊಯ್ದರೆ ಬೇರಿನ ಅಚ್ಚು ಸಿಗುತ್ತಿತ್ತು. ಅಲ್ಲಿಯವರೆಗೆ ಖಾಲಿ ಬಯಲೆಂದುಕೊಂಡಿದ್ದ ಜಾಗ ದ್ರಾಕ್ಷಿ ತೋಟವೆಂದು ಗೊತ್ತಾದದ್ದು ಹಾಗೆ. ಇಂಗ್ಲೆಂಡಿನಲ್ಲಿ ಹಳೆಯ ಆರ್ಡ್ನನ್ಸ್ ಸರ್ವೆ ನಕ್ಷೆಗಳ ಮರದ ಚುಕ್ಕೆಗಳನ್ನು ಇಂದಿನ ಚಿತ್ರಗಳೊಡನೆ ಹೋಲಿಸಿ ಸೇಬಿನ ತೋಟಗಳು ಎಷ್ಟು ಅಳಿದವೆಂದು ಲೆಕ್ಕ ಹಾಕಿದ್ದಾರೆ. ನಮ್ಮಲ್ಲಿ ಬೂದಿಯಿಲ್ಲ, ಗೆದ್ದಲು ಬೇರನ್ನು ಬಿಡುವುದಿಲ್ಲ. ಆದರೆ ಗುಣಿಯ ಮಣ್ಣನ್ನು ಗೆದ್ದಲು ತಿಂದು ಮುಗಿಸಲಾರದು.

ಈ ಊರಿಗೂ ಹಣ್ಣಿನ ತೋಟಕ್ಕೂ ಇರುವ ನಂಟನ್ನು ತಮಗೆ ನೆನಪಿಸುವುದು ಉದ್ಧಟತನವಾದೀತು. ಆದರೂ ಇದು ಬಹಿರಂಗ ಪತ್ರ, ಬೇರೆಯವರೂ ಓದುತ್ತಾರೆ. ಈ ಸೀಮೆಯ ದಾನಶಾಸನಗಳು ಗದ್ದೆ, ಬೆದ್ದಲು, ತೋಟ, ತುಡಿಕೆ ಎಂದು ಎಣಿಸಿಯೇ ಊರನ್ನು ಬಿಟ್ಟುಕೊಡುತ್ತವೆ. ಹೈದರಾಲಿ 1760ರಲ್ಲಿ ಲಾಲ್‌ಬಾಗ್ ಶುರುಮಾಡಿದಾಗ ಶಿರಾದ ತೋಟ ಅವನಿಗೆ ಮಾದರಿ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಇಲ್ಲಿಗೆ ಬಂದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಅರಮನೆಯ ತೋಟಗಳನ್ನು ನೋಡಿ ಬರೆದಿಟ್ಟಿದ್ದಾನೆ: ಚೌಕ ಚೌಕವಾದ ಮಡಿಗಳು, ನಡುವೆ ಓಡಾಡುವ ದಾರಿ, ದಾರಿಯ ಎರಡೂ ಬದಿಗೆ ಸೈಪ್ರೆಸ್ ಮರಗಳು, ಒಂದು ಮಡಿಯಲ್ಲಿ ದಾಳಿಂಬೆ ಮಾತ್ರ, ಇನ್ನೊಂದರಲ್ಲಿ ಗುಲಾಬಿ ಮಾತ್ರ. ಸೇಬು, ಪೀಚ್ ಕೂಡ ಇಲ್ಲಿ ಕಾಯಿ ಬಿಡುತ್ತಿದ್ದುದನ್ನು ಅವನು ಗಮನಿಸಿದ್ದಾನೆ. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ತೋಟವಾಯಿತು, 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಈಗ ವರ್ಷಕ್ಕೆರಡು ಸಲ ಫಲಪುಷ್ಪ ಪ್ರದರ್ಶನಕ್ಕೆ ಲಕ್ಷಾಂತರ ಜನ ಹೋಗುತ್ತಾರೆ. ನೆಲದೊಳಗನ್ನು ತೋರಿಸುವ ರೇಡಾರನ್ನು ಲಾಲ್‌ಬಾಗಿನ ಹುಲ್ಲುಹಾಸುಗಳ ಮೇಲೆ ಒಮ್ಮೆ ಎಳೆದರೆ ಹಳೆಯ ದಾರಿ, ಕಾಲುವೆಗಳು ಸಿಗಬಹುದು. ಆರಂಭ ಅಲ್ಲಿಂದಲೇ ಆಗಲಿ. ಅಲ್ಲಿ ಯಾರ ಹಿಡುವಳಿಯ ತಕರಾರೂ ಇಲ್ಲ.

ತೋಪು ಸ್ಮಾರಕವಲ್ಲ, ಇಲಾಖೆಗೆ ಸಂಬಂಧವಿಲ್ಲ ಎಂದು ಯಾರಾದರೂ ಷರಾ ಬರೆಯುವ ಮೊದಲು ದೇವನಹಳ್ಳಿ ತಾಲ್ಲೂಕಿನ ನಲ್ಲೂರಿಗೆ ಹೋಗಿ ಬರಲಿ. ಅಲ್ಲಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪರಂಪರೆಯ ತಾಣವಾಯಿತು. ಸುಮಾರು 54 ಎಕರೆ, ಮುನ್ನೂರರ ಆಸುಪಾಸಿನ ಮರಗಳು, ನಡುವೆ ಪಾಳುಬಿದ್ದ ಗುಡಿ. ಚೋಳರ ಕಾಲದ್ದು ಎಂದು ಊರವರು ಹೇಳುತ್ತಾರೆ. ಮರ ಜೀವವೈವಿಧ್ಯ ಮಂಡಳಿಗೆ, ಗುಡಿ ಪುರಾತತ್ವಕ್ಕೆ, ನೆಲ ಕಂದಾಯಕ್ಕೆ ಎಂದು ಹಂಚಿಹೋಗಿದ್ದರೂ ನೋಡುವವನ ಕಣ್ಣಿಗೆ ಅದು ಒಂದೇ ತಾಣ. ನಲ್ಲೂರಿನಲ್ಲಿ ಮರಗಳು ಉಳಿದವು, ಆದ್ದರಿಂದ ಗೌರವ ಸಿಕ್ಕಿತು. ಮರ ಉಳಿಯದ ಊರುಗಳ ತೋಪು ಯಾವ ಪಟ್ಟಿಗೂ ಸೇರದೆ ಹೋಯಿತು.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನಾನು ಕೇಳುತ್ತಿರುವುದು ದಾಖಲೆ, ಖಾಸಗಿ ಜಮೀನಿನ ಮೇಲೆ ರಕ್ಷಣೆಯ ಆದೇಶವನ್ನಲ್ಲ. ಕೇಂದ್ರದ 1958ರ ಕಾಯಿದೆಯಡಿ ರಕ್ಷಿತ ತಾಣವೆಂದಾದರೆ 2010ರ ತಿದ್ದುಪಡಿಯ ಪ್ರಕಾರ ಸುತ್ತ ನೂರು ಮೀಟರು ಕಟ್ಟಡ ನಿಷಿದ್ಧ, ಅದರಾಚೆ ಇನ್ನೂರು ಮೀಟರು ನಿಯಂತ್ರಿತ. ಎರಡೆಕರೆ ರೈತನ ಹೊಲದಲ್ಲಿ ನಾಲ್ಕು ಕಪ್ಪು ಮಚ್ಚೆ ಕಂಡವೆಂದು ಇಂಥ ಕಟ್ಟಳೆ ತಂದರೆ, ಮಾರನೆಯ ದಿನವೇ ಅವನು ಬಾವಿ ಮುಚ್ಚಿ ದಿಣ್ಣೆ ಕೆಡವುತ್ತಾನೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಅಳೆದು, ಚಿತ್ರ ತೆಗೆದು, ಸಾಧ್ಯವಾದಲ್ಲಿ ಒಂದು ಗುಣಿಯ ಮಣ್ಣಿನ ಮಾದರಿ ಎತ್ತಿಕೊಂಡು, ರೈತನ ಜಮೀನು ರೈತನಿಗೇ ಬಿಟ್ಟು ಬರಬೇಕು. ಮೊದಲ ಭೇಟಿಯಲ್ಲೇ ಇದನ್ನು ಬರವಣಿಗೆಯಲ್ಲಿ ಕೊಡಬೇಕು.

ಗುಂಡುತೋಪುಗಳ ವಿಷಯದಲ್ಲಿ ಇಷ್ಟು ಮೆತ್ತಗೆ ಮಾತಾಡಬೇಕಾಗಿಲ್ಲ. ಅವು ಯಾರ ಅಪ್ಪನ ಆಸ್ತಿಯೂ ಅಲ್ಲ. ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ, ಸಾಗುವಳಿಗೆ ಸೇರದ ನೆಲ; ಕಡತದ ಮಾತಿನಲ್ಲಿ ಬಿ ಖರಾಬು. ದಾರಿಹೋಕರಿಗೆ ನೆರಳು, ದನಕ್ಕೆ ತಂಗುದಾಣ, ಜಾತ್ರೆಗೆ ಜಾಗ, ಹುಣಸೆ ಮಾವುಗಳ ಹರಾಜಿನಿಂದ ಪಂಚಾಯಿತಿಗೆ ನಾಲ್ಕು ಕಾಸು. ಬೆಂಗಳೂರಿನ ಸುತ್ತಲಿನ ಗುಂಡುತೋಪುಗಳನ್ನು ಪರಿಸರ ಸಂಶೋಧಕರಾದ ಹರಿಣಿ ನಾಗೇಂದ್ರ ಮತ್ತು ಸೀಮಾ ಮುಂಡೋಳಿ ಅಧ್ಯಯನ ಮಾಡಿ, ಅವು ಹೇಗೆ ಬೇರೆ ಬೇರೆ ಬಳಕೆಗೆ ತಿರುಗಿದವೆಂದು ಬರೆದಿದ್ದಾರೆ. ಊರ ಸಾಮಾನ್ಯ ಭೂಮಿಯ ಒತ್ತುವರಿ ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿ ವರ್ಷಗಳೇ ಉರುಳಿವೆ. ತೋಪು ಎಲ್ಲಿತ್ತೆಂದು ನೆಲದ ಮೇಲೆ ತೋರಿಸಲಾಗದಿದ್ದರೆ ಆ ತೀರ್ಪು ಯಾವ ತಹಶೀಲ್ದಾರರಿಗೆ ಏನು ಉಪಯೋಗ? ಗುಣಿಯ ಸಾಲು, ಕಂದಕದ ಜಾಡು ದಾಖಲಾದರೆ ಒತ್ತುವರಿ ಪ್ರಕರಣಗಳಲ್ಲಿ ನಕ್ಷೆಯ ಗೆರೆಗೆ ನೆಲದ ಸಾಕ್ಷಿಯೂ ಸೇರುತ್ತದೆ. ತಮ್ಮ ಇಲಾಖೆಯ ಕೆಲಸ ಕಂದಾಯ ಇಲಾಖೆಗೆ ಒದಗುವ ಅಪರೂಪದ ಜಾಗ ಇದು.

ಅಳಿದದ್ದು ನೆರಳೊಂದೇ ಅಲ್ಲ. ಹಳೆಯ ತೋಪಿನ ಮಾವುಗಳು ವಾಟೆಯಿಂದ ಎದ್ದ ನಾಟಿ ಮರಗಳು, ಕಸಿಯವಲ್ಲ. ವಾಟೆಯ ಮಾವು ಸಾಮಾನ್ಯವಾಗಿ ತಾಯಿಯಂತೆ ಬರುವುದಿಲ್ಲ, ಒಂದರಂತೆ ಇನ್ನೊಂದಿಲ್ಲ. ಒಂದು ಉಪ್ಪಿನಕಾಯಿಗೆ, ಒಂದು ಸೀಕರಣೆಗೆ, ಒಂದು ಬರೀ ಹುಳಿ, ಒಂದು ಸಕ್ಕರೆಗುತ್ತಿ. ಮರವೊಂದೊಂದಕ್ಕೂ ಊರಿನಲ್ಲಿ ಹೆಸರಿತ್ತು. ಎಂಬತ್ತು ದಾಟಿದ ಅಜ್ಜಿಯರನ್ನು ಬಯಲಿಗೆ ಕರೆದುಕೊಂಡು ಹೋದರೆ ಯಾವ ಮರ ಎಲ್ಲಿತ್ತೆಂದು ಈಗಲೂ ನಿಂತು ತೋರಿಸುತ್ತಾರೆ. ನಾನು ಸರಪಳಿ ಹಿಡಿದು ತಾಳೆ ನೋಡಿದಾಗ ಅವರ ಬೆರಳು ಗುಣಿಯಿಂದ ದೂರ ಹೋಗಿದ್ದು ಕಡಿಮೆ. ಈ ಕೆಲಸಕ್ಕೆ ಕಾಲ ತೀರುತ್ತಿರುವುದು ಜೆಸಿಬಿಯಿಂದ ಮಾತ್ರವಲ್ಲ.

ಜೆಸಿಬಿಯ ಅವಸರವೂ ಸಣ್ಣದಲ್ಲ. 2008ರಲ್ಲಿ ತೆರೆದ ವಿಮಾನ ನಿಲ್ದಾಣಕ್ಕೆ ಸುಮಾರು ನಾಲ್ಕು ಸಾವಿರ ಎಕರೆ ಹೋಯಿತು. ಚಕ್ಕೋತಕ್ಕೆ ಭೌಗೋಳಿಕ ಸೂಚಿಕೆ ಪಡೆದ ದೇವನಹಳ್ಳಿಯಲ್ಲಿ ಈಗ ಚಕ್ಕೋತದ ಗಿಡ ಹುಡುಕಿಕೊಂಡು ಹೋಗಬೇಕು. ಉಪನಗರ ವರ್ತುಲ ರಸ್ತೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್ ಹಾದು ಊರನ್ನು ಸುತ್ತುತ್ತಿದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಸ್ವಾಧೀನವನ್ನು ರೈತರ ಹೋರಾಟಕ್ಕೆ ಮಣಿದು 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಆ ಊರುಗಳಲ್ಲಿ ಉಸಿರಾಡಲು ಸಮಯ ಸಿಕ್ಕಿದೆ. ಸಮೀಕ್ಷೆಗೆ ಅದೇ ಹೋಬಳಿ ಮೊದಲಾಗಲಿ. ದ್ರಾಕ್ಷಿ ತೋಟಗಳನ್ನೂ ಮರೆಯದಿರಿ. ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರ ಹೊತ್ತಿದ್ದ ಕಲ್ಲುಕಂಬಗಳು ಬಳ್ಳಿ ಒಣಗಿದ ಮೇಲೂ ಹೊಲದಲ್ಲಿ ಸಾಲಾಗಿ ನಿಂತಿವೆ, ಇಲ್ಲವೇ ಕಿತ್ತು ನಿವೇಶನಗಳ ತಂತಿಬೇಲಿಗೆ ಹೋಗಿವೆ. ಪ್ರಾಚೀನವೆನ್ನಿಸಿಕೊಳ್ಳಲು ನೂರು ವರ್ಷ ಆಗಲಿ ಎಂದು ಕಾಯುತ್ತ ಕುಳಿತರೆ ಅವುಗಳಲ್ಲಿ ಒಂದೂ ನಿಂತಲ್ಲಿ ಸಿಗುವುದಿಲ್ಲ.

ಕೆಲಸಕ್ಕೆ ಜನ ಎಲ್ಲಿಂದ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೆಂಗಳೂರಿನ ಶಾಸನಗಳನ್ನು ಇಲ್ಲಿನ ಸಂಶೋಧನಾ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಊರೂರು ಸುತ್ತಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವುದನ್ನು ತಾವು ಬಲ್ಲಿರಿ. ಶಾಸನದ ಕಲ್ಲಿಗೆ ಆದದ್ದು ತೋಪಿನ ಗುಣಿಗೂ ಆಗಬಹುದು. ಹಳೆಯ ಭೂಮಾಪನದ ಮೂಲ ಟಿಪ್ಪಣಿ ಓದಬಲ್ಲ ನಿವೃತ್ತ ಭೂಮಾಪಕರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಪ್ರಯಾಣದ ಖರ್ಚು ಕೊಟ್ಟರೆ ಬರುತ್ತಾರೆ, ಕೊಡದಿದ್ದರೂ ಕೆಲವರು ಬರುತ್ತೇವೆ. ನಮೂನೆಗೆ ಬೇಕಾದ್ದು ಇಷ್ಟು: ಸರ್ವೆ ನಂಬರು, ಹಳೆಯ ವರ್ಗ, ಈಗಿನ ಬಳಕೆ, ಗುಣಿಗಳ ಅಂತರ ಮತ್ತು ಸಾಲಿನ ದಿಕ್ಕು, ಬಾವಿಯ ವ್ಯಾಸ ಮತ್ತು ಕಪಿಲೆ ಇಳಿಜಾರಿನ ಉದ್ದ, ಬೇಲಿಯ ಗಿಡ, ಊರವರು ಹೇಳುವ ಮರಗಳ ಹೆಸರು. ಒಂದು ಪುಟ ಸಾಕು. ಮುಂದಿನ ಭರಣಿ ಮಳೆಯೊಳಗೆ ನಮೂನೆ ಅಚ್ಚಾಗಿ ಬಂದರೆ ಮೊದಲ ಉಳುಮೆಯ ಹೊತ್ತಿಗೆ ಹೊಲಗಳಿಗೆ ಇಳಿಯಬಹುದು. ಆ ಮಳೆ ತಪ್ಪಿದರೆ ರಾಗಿ ಪೈರಿನವರೆಗೆ ಕಾಯಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಭೂಮಾಪಕ
ಬೆಂಗಳೂರು

ಪ್ರತಿ: ಆಯುಕ್ತರು, ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆ, ಬೆಂಗಳೂರು, ನಿರ್ದೇಶಕರು, ತೋಟಗಾರಿಕೆ ಇಲಾಖೆ, ಲಾಲ್‌ಬಾಗ್, ಎರಡೂ ಜಿಲ್ಲೆಗಳ ಎಲ್ಲ ಗ್ರಾಮ ಪಂಚಾಯಿತಿ ಅಧ್ಯಕ್ಷರು.